ಶಕುಂತಲಮ್ಮ ಮೇಡಂ ಮತ್ತು ಕೆಮ್ಮಣ್ಣಿನ ಗೆರೆಯ ಮರಗಳು

ಈ ಶ್ರದ್ಧಾಂಜಲಿ ಸಭೆಗೆ ಸೇರಿರುವ ಹಿರಿಯರಿಗೆ, ನನ್ನ ಹಳೆಯ ಸಹೋದ್ಯೋಗಿಗಳಿಗೆ, ಮೇಡಂ ಅವರ ವಿದ್ಯಾರ್ಥಿಗಳಾಗಿದ್ದು ಈಗ ತಾವೇ ತಲೆ ನರೆತು ಕೂತಿರುವವರಿಗೆ — ಎಲ್ಲರಿಗೂ ನಮಸ್ಕಾರ. ಮೇಡಂ ಅವರ ತಮ್ಮ ಕೊಟ್ಟೂರೇಶ್ ಅವರಿಗೆ, ಅವರ ಮನೆಯವರಿಗೆ, ನಮ್ಮ ಕಾಲೇಜಿನ ಪರವಾಗಿ ಕೈ ಮುಗಿಯುತ್ತೇನೆ.

ಕೊಟ್ಟೂರೇಶ್, ಮೊದಲು ನೀವು ಕೂಡ್ರಿ. ಸಭೆ ಶುರುವಾದಾಗಿನಿಂದ ಆ ಕಂಬದ ಪಕ್ಕ ನಿಂತೇ ಇದ್ದೀರಿ. ಮುಂದಿನ ಸಾಲಿನಲ್ಲಿ ಕುರ್ಚಿ ಖಾಲಿ ಇದೆ.

— "ಇರ್ಲಿ ಸಾರ್, ನೀವು ಮಾತಾಡ್ರಿ, ನಿಂತೇ ಕೇಳ್ತೀನಿ" ಅನ್ನುತ್ತಿದ್ದಾರೆ. ಮಂಡಿಪೇಟೆಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ ಇಟ್ಟುಕೊಂಡು ಜೀವಮಾನವೆಲ್ಲ ನಿಂತೇ ವ್ಯಾಪಾರ ಮಾಡಿದವರು. ಆಗಲಿ. ಯಾವಾಗ ಬೇಕು ಅನ್ನಿಸುತ್ತದೋ ಆಗ ಕೂಡ್ರಿ.

ನಾನು ಈ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವನು. ಮೇಡಂ ಸಸ್ಯಶಾಸ್ತ್ರ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರದು ಎದುರುಬದುರು ಕುರ್ಚಿ. ನಿವೃತ್ತಿಯವರೆಗೂ ಆ ಕುರ್ಚಿಗಳು ಬದಲಾಗಲಿಲ್ಲ, ನಮ್ಮ ಜಗಳಗಳೂ ಬದಲಾಗಲಿಲ್ಲ.

ನನಗಿಂತ ಮೊದಲು ಮಾತಾಡಿದವರು ಮೇಡಂ ಅವರನ್ನು ಹಸಿರು ಮಾತೆ ಅಂದರು. ಪ್ರಕೃತಿಯ ಮಡಿಲ ಮಗಳು ಅಂದರು. ಪ್ರೀತಿಯಿಂದಲೇ ಅಂದಿದ್ದಾರೆ. ಆದರೆ ಮೇಡಂ ಇಲ್ಲಿ ಕೂತಿದ್ದರೆ ಏನನ್ನುತ್ತಿದ್ದರು ಅಂತ ನನಗೆ ಗೊತ್ತು. "ಮಾತೆನೂ ಅಲ್ಲ, ಮಗಳೂ ಅಲ್ಲ, ನಾನು ಲೆಕ್ಚರರ್ ರೀ" ಅನ್ನುತ್ತಿದ್ದರು. ಹೊಗಳಿಕೆ ಅವರಿಗೆ ಮೈಗೆ ಹತ್ತುತ್ತಿರಲಿಲ್ಲ. ಆದ್ದರಿಂದ ನಾನು ಹೊಗಳುವುದಿಲ್ಲ. ಅವರು ಏನು ಮಾಡಿದರು ಅನ್ನುವುದನ್ನಷ್ಟೇ ಹೇಳುತ್ತೇನೆ. ಅದನ್ನು ಹೇಳಲೇಬೇಕಾದ ಕಾರಣವೂ ಒಂದಿದೆ. ಈ ಸಭೆಯ ಕೊನೆಯಲ್ಲಿ ಒಂದು ನಿರ್ಣಯ ಬರಲಿದೆ. ಹರಿಹರದ ಆಚೆ, ಹೊಳೆಯ ದಂಡೆಯಲ್ಲಿ ಮೇಡಂ ಬೆಳೆಸಿದ ತೋಪು ಉಳಿಯುತ್ತದೆಯೋ ಹೋಗುತ್ತದೆಯೋ ಅನ್ನುವುದು ಆ ನಿರ್ಣಯದಲ್ಲಿದೆ.

ಮೊನ್ನೆ ಮನೆಗೆ ಹೋದಾಗ ಕೊಟ್ಟೂರೇಶ್ ನನಗೊಂದು ಮಾತು ಹೇಳಿದರು. "ಸಾರ್, ಅಕ್ಕ ಆ ಕಾಡಾಗೆ ಏನು ಮಾಡ್ತಿದ್ಲು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಬಿಸಿಲಾಗೆ ಹೋಗೋಳು, ಕೈಕಾಲು ತರಚ್ಕೊಂಡು ಬರೋಳು. ಏನೇ ಅಕ್ಕ ಅಂದ್ರೆ, ಅಳತೆ ಕಣೋ ಅನ್ನೋಳು. ಏನು ಅಳತೆಯೋ." — ಹಾಗಾಗಿ ಕೊಟ್ಟೂರೇಶ್, ಈ ಮಾತುಗಳು ಎಲ್ಲರಿಗೂ ಹೌದು, ಮುಖ್ಯವಾಗಿ ನಿಮಗೆ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಸಂಸ್ಥೆಗೆ ಹೊಳೆದಂಡೆಯ ಆ ಜಮೀನು ಬಂದು ಹಲವು ವರ್ಷವಾಗಿತ್ತು. ಒಂದು ತುದಿ ಒಳ್ಳೆಯ ಕಪ್ಪು ಮಣ್ಣು, ಇನ್ನೊಂದು ತುದಿ ಕಲ್ಲು ತುಂಬಿದ ಗರಸು ನೆಲ, ಮಧ್ಯೆ ಸ್ವಲ್ಪ ಉಪ್ಪು ಹತ್ತಿದ ಸವಳು. ಖಾಲಿ ಬಿಡುವುದು ಬೇಡ ಅಂತ ಆಡಳಿತ ಮಂಡಳಿ ತೀರ್ಮಾನಿಸಿತು. ಆಗ ಎಲ್ಲೆಲ್ಲೂ ನೀಲಗಿರಿಯ ಕಾಲ. ಸಸಿ ಸುಲಭವಾಗಿ ಸಿಗುತ್ತಿತ್ತು, ದನ ಮೇಯುವುದಿಲ್ಲ, ನೆಟ್ಟು ಬಂದರೆ ಸಾಕು, ತಾನೇ ಬೆಳೆಯುತ್ತದೆ. ಇಡೀ ಜಮೀನಿಗೆ ನೀಲಗಿರಿ ಅಂತಾಯಿತು. ಮೇಡಂ ಆಗಿನ ಅಧ್ಯಕ್ಷರ ಕೋಣೆಗೆ ಹೋದರು. ಅರ್ಧ ಜಮೀನು ನನಗೆ ಕೊಡಿ ಅಂದರು.

ಅಧ್ಯಕ್ಷರು ಉದಾರಿಗಳು. "ತಗಳ್ರಿ ಮೇಡಂ, ಹೊಳೆ ಕಡೆ ಅರ್ಧ ನಿಮ್ದು" ಅಂದರು. ಅದು ಒಳ್ಳೆಯ ಮಣ್ಣಿನ ಅರ್ಧ. ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಹೊರಗೆ ಬರುತ್ತಿದ್ದರು. ಮೇಡಂ ಏನಂದರು ಗೊತ್ತೆ? "ಒಳ್ಳೇದು ಬ್ಯಾಡ್ರಿ. ಕೆಟ್ಟದ್ದೂ ಬ್ಯಾಡ. ಚದುರಂಗದ ಮಣೆ ಹಂಗೆ ತುಂಡು ತುಂಡು ಮಾಡಿ, ಒಂದು ನಿಮ್ದು, ಒಂದು ನಮ್ದು." ಒಳ್ಳೆಯ ಮಣ್ಣಿನಲ್ಲಿ ತನ್ನ ಮರ ಚೆನ್ನಾಗಿ ಬಂದರೆ, ಅದು ಮಣ್ಣಿನ ಗುಣವೋ ಮರದ ಗುಣವೋ ಯಾರಿಗೆ ಗೊತ್ತಾಗುತ್ತದೆ? — ಅದು ಅವರ ಪ್ರಶ್ನೆ. ಅಧ್ಯಕ್ಷರಿಗೆ ಇದು ಅರ್ಥವಾಗಲಿಲ್ಲ. ಆದರೆ ಹಠ ಅರ್ಥವಾಯಿತು. ಜಮೀನು ತಾಕುಗಳಾಗಿ ಭಾಗವಾಯಿತು. ಒಂದು ತಾಕಿನಲ್ಲಿ ಬರೀ ನೀಲಗಿರಿ. ಪಕ್ಕದ ತಾಕಿನಲ್ಲಿ ಮೇಡಂ ಅವರದು — ಹೊಂಗೆ, ಬೇವು, ಹುಣಸೆ, ನೇರಳೆ, ಬಾಗೆ, ಕಮರ, ಹೊಳೆಮತ್ತಿ, ಶಿವನಿ, ಜೊತೆಗೆ ನೀಲಗಿರಿಯೂ. ಹೌದು, ನೀಲಗಿರಿಯೂ. ಅದನ್ನು ಅವರು ಹೊರಗಿಡಲಿಲ್ಲ.

ನಾವು ಅದಕ್ಕೆ ಬೆರಕೆ ತೋಪು ಅಂತ ಹೆಸರಿಟ್ಟೆವು. ಹಾಸ್ಯಕ್ಕೆ ಇಟ್ಟ ಹೆಸರು, ಹಾಗೇ ಉಳಿಯಿತು.

ಮೊದಲ ನಾಲ್ಕೈದು ವರ್ಷ ಹಾಸ್ಯ ಮಾಡಿದವರೇ ಗೆದ್ದರು. ನೀಲಗಿರಿ ನೆಟ್ಟಗೆ, ಸಾಲಾಗಿ, ಶಾಲೆಯ ಡ್ರಿಲ್ಲಿನ ಹಾಗೆ ಎದ್ದು ನಿಂತಿತು. ಬೆರಕೆ ತೋಪಿನಲ್ಲಿ ಹುಣಸೆ ಮೊಳಕಾಲೆತ್ತರ, ಕಮರ ಇದೆಯೋ ಇಲ್ಲವೋ ಅಂತ ಹುಲ್ಲು ಸರಿಸಿ ನೋಡಬೇಕು. ಆಗಿನ ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು ಎಲ್ಲರೆದುರು ಕೇಳಿದರು — "ಮೇಡಂ, ನಿಮ್ಮ ತಾಕಿನಾಗೆ ಗಿಡ ಬೆಳೀತಾ ಐತೋ, ಇನ್ನೂ ಯೋಚ್ನೆ ಮಾಡ್ತಾ ಐತೋ?" ಎಲ್ಲರೂ ನಕ್ಕರು. ಮೇಡಂ ಉತ್ತರ ಪತ್ರಿಕೆಯಿಂದ ತಲೆಯೆತ್ತಲಿಲ್ಲ. "ಕೆಳಗೆ ಬೆಳೀತೈತೆ ಸಾರ್. ಬಗ್ಗಿ ನೋಡೋರಿಗೆ ಕಾಣ್ತೈತೆ" ಅಂದರು. ಪ್ರಿನ್ಸಿಪಾಲರ ಹೊಟ್ಟೆ ದೊಡ್ಡದು, ಬಗ್ಗುವ ಹಾಗಿರಲಿಲ್ಲ. ಆಮೇಲೆ ಅವರು ಕೇಳಲಿಲ್ಲ.

ನಾನು ಕೇಳಿದೆ. ಒಂದೇ ಜಾತಿಯ ಮರ ಬೇಗ ಬೆಳೆಯುತ್ತಿರುವುದು ಕಣ್ಣಿಗೆ ಕಾಣುತ್ತಿದೆಯಲ್ಲ, ಮತ್ತೆ ಹತ್ತು ಜಾತಿ ಯಾಕೆ? ಅವರು ಸುತ್ತ ನೋಡಿದರು. "ಸಾರ್, ಈ ರೂಮಿನಾಗೆ ಬರೀ ಇತಿಹಾಸದೋರನ್ನೇ ತುಂಬಿದ್ರು ಅಂತ ಇಟ್ಕಳ್ರಿ. ಏನಾಗುತ್ತೆ? ಎಲ್ರಿಗೂ ಅದೇ ಫ್ಯಾನ್ ಕೆಳಗಿನ ಕುರ್ಚಿ ಬೇಕು, ಅದೇ ಪೇಪರ್ ಬೇಕು, ಲೈಬ್ರರಿಯಾಗೆ ಅದೇ ಒಂದು ಕಪಾಟು. ಉಳಿದ ಕಪಾಟು ಯಾರೂ ಮುಟ್ಟಲ್ಲ. ಎಲ್ಲಾ ಸಬ್ಜೆಕ್ಟಿನೋರೂ ಇದ್ರೆ, ಇಡೀ ಲೈಬ್ರರಿ ಓದಿದಂಗಾಗುತ್ತೆ." ಆಮೇಲೆ ಸೇರಿಸಿದರು — "ಬರೀ ಬಾಟನಿಯೋರು ತುಂಬಿದ್ರೂ ಅಷ್ಟೇ ಬಿಡ್ರಿ."

ಇದು ನನಗೆ ಅರ್ಥವಾಯಿತು. ಇವತ್ತು ನಿಮಗೂ ಅರ್ಥವಾಗಲಿ ಅಂತ ಹೇಳುತ್ತಿದ್ದೇನೆ. ಹುಣಸೆಯ ಬೇರು ಆಳಕ್ಕೆ ಇಳಿಯುತ್ತದೆ, ಬೇರೆ ಕೆಲವಕ್ಕೆ ಮೇಲಿನ ಪದರವೇ ಸಾಕು. ಹಾಗಾಗಿ ಒಂದೇ ನೆಲದಲ್ಲಿ ಇವು ಬೇರೆ ಬೇರೆ ಆಳದ ನೀರು ಕುಡಿಯುತ್ತವೆ. ಒಂದಕ್ಕೆ ಪೂರ್ತಿ ಬಿಸಿಲು ಬೇಕು, ಅದರ ಕೆಳಗೆ ಸೋಸಿ ಬಂದ ಬೆಳಕಿನಲ್ಲಿ ಇನ್ನೊಂದು ಬದುಕುತ್ತದೆ. ಬೇಸಿಗೆಯಲ್ಲಿ ಒಂದು ಎಲೆ ಉದುರಿಸಿ ಸುಮ್ಮನಿರುವಾಗ ಇನ್ನೊಂದು ಚಿಗುರುತ್ತದೆ. ಬಾಗೆ, ಹೊಂಗೆಯಂಥವು ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಟ್ಟುಕೊಳ್ಳುತ್ತವೆ, ಅವುಗಳ ಎಲೆ ಬಿದ್ದು ಕೊಳೆತರೆ ಪಕ್ಕದ ಮರಕ್ಕೂ ಊಟ. ಒಟ್ಟಿನಲ್ಲಿ ಅದೇ ಬಿಸಿಲು, ಅದೇ ಮಳೆ, ಅದೇ ಮಣ್ಣು. ಆದರೆ ವ್ಯರ್ಥವಾಗುವುದು ಕಡಿಮೆ. ಹಾಗಿದ್ದರೆ ಬೆರಕೆ ತಾಕಿನಲ್ಲಿ ಒಟ್ಟು ಮರ ಹೆಚ್ಚು ಬೆಳೆಯಬೇಕಲ್ಲವೆ? ಬೆಳೆಯುತ್ತದೆಯೆ? — ಇಷ್ಟೇ ಅವರ ಪ್ರಶ್ನೆ. ಈ ಪ್ರಶ್ನೆಯನ್ನು ಜಗತ್ತಿನ ಬೇರೆ ಬೇರೆ ಕಡೆ ದೊಡ್ಡ ದೊಡ್ಡವರು ಕೇಳಿದ್ದಾರೆ, ಈಗಲೂ ಕೇಳುತ್ತಿದ್ದಾರೆ. ನಮ್ಮ ಮೇಡಂ ಹರಿಹರದ ಬಸ್ಸು ಹತ್ತಿ ಹೋಗಿ ಕೇಳಿದರು.

ಅಳೆಯುವುದು ಹೇಗೆ? ದರ್ಜಿಯ ಟೇಪು. ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ ತೆಗೆಯಬೇಕು, ಅದು ಪದ್ಧತಿ. ಗಿಡಗಳು ಅಷ್ಟು ಎತ್ತರಕ್ಕೆ ಬಂದ ಮೇಲೆ, ಪ್ರತಿವರ್ಷ ಮಳೆಗಾಲ ಮುಗಿದು ದೀಪಾವಳಿ ರಜೆಯಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಮೊದಲ ತಂಡದಲ್ಲಿ ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದವರು ಯಾರು ಗೊತ್ತೆ? ಇವತ್ತಿನ ಸಭೆಯ ಅಧ್ಯಕ್ಷರು, ನಮ್ಮ ಸಂಸ್ಥೆಯ ಅಧ್ಯಕ್ಷರೂ ಆದ ಉಜ್ಜನಪ್ಪನವರು.

ನಗಬೇಡಿ ಉಜ್ಜನಪ್ಪ, ಮುಂದಿನದೂ ಹೇಳುತ್ತೇನೆ.

ಅಳತೆ ಶುರುವಾದ ಎರಡನೆಯ ವರ್ಷ ಟೇಪು ಹಿಡಿದು ಬಂದರೆ, ಎಷ್ಟೋ ಮರಗಳು ಬೆಳೆಯುವ ಬದಲು ಸಣಕಲಾಗಿವೆ! ಮೇಡಂ ತಲೆ ಕೆಡಿಸಿಕೊಂಡರು. ರೋಗವೆ? ನೀರಿನ ಕೊರತೆಯೆ? ಕೊನೆಗೆ ಗೊತ್ತಾಯಿತು. ಎದೆಯೆತ್ತರ ಅಂತ ಉಜ್ಜನಪ್ಪ ತಮ್ಮ ಎದೆಗೆ ಸರಿಯಾಗಿ ಟೇಪು ಹಿಡಿಯುತ್ತಿದ್ದರು. ಆ ವರ್ಷ ಈ ಹುಡುಗ ಒಂದು ಗೇಣು ಉದ್ದವಾಗಿದ್ದ. ಮರದಲ್ಲಿ ಮೇಲೆ ಹೋದಷ್ಟೂ ಸುತ್ತಳತೆ ಕಡಿಮೆಯಲ್ಲವೆ! ಮೇಡಂ ಬೈದದ್ದು ಇಡೀ ಕಾರಿಡಾರಿಗೆ ಕೇಳಿಸಿತ್ತು — "ನಿನ್ನ ಎದೆ ವರ್ಷಾ ವರ್ಷಾ ಮ್ಯಾಲೆ ಹೋಗ್ತೈತೆ ಉಜ್ಜನಪ್ಪ, ಮರದ್ದು ಹೋಗಬಾರದು!"

ಆ ಮೇಲೆ ಅವರು ಗೆರೆ ಎಳೆದರು. ಕೆಮ್ಮಣ್ಣು ಕಲಸಿ, ಪ್ರತಿ ಮರಕ್ಕೂ ಒಂದೇ ಎತ್ತರದಲ್ಲಿ ಸುತ್ತ ಒಂದು ಗೆರೆ, ಅದರ ಕೆಳಗೆ ಎದ್ದು ಕಾಣಲಿ ಅಂತ ಸುಣ್ಣದ ಇನ್ನೊಂದು ಗೆರೆ. ತಮ್ಮ ತಾಕುಗಳಿಂದ ಶುರು ಮಾಡಿದರು. ಅಷ್ಟರಲ್ಲಿ ರಜೆ ಮುಗಿಯಿತು. ನೀಲಗಿರಿ ತಾಕುಗಳು ಮುಂದಿನ ವರ್ಷಕ್ಕೆ ಅಂತ ಬಿಟ್ಟು ಬಂದರು.

ಕೆಂಪು, ಬಿಳಿ, ಸುತ್ತ ಎರಡು ಗೆರೆ. ನಮ್ಮ ಕಡೆ ಅದನ್ನು ಎಲ್ಲಿ ನೋಡಿದ್ದೇವೆ? ದೇವಸ್ಥಾನದ ಗೋಡೆಯ ಮೇಲೆ.

ಮುಂದಿನ ವರ್ಷ ಹೋದರೆ ಬೆರಕೆ ತೋಪಿನ ಮರಗಳ ಗೆರೆಗಳ ಮೇಲೆಲ್ಲ ಕುಂಕುಮ. ಒಂದು ಬೇವಿಗೆ ಹಸಿರು ಬಳೆ. ಪಕ್ಕದ ಹಳ್ಳಿಯ ಓಬವ್ವ ಅನ್ನುವವರು, ಸೌದೆಗೆ ಬರುತ್ತಿದ್ದ ಗಟ್ಟಿ ಹೆಂಗಸು, ಅಲ್ಲೇ ಇದ್ದರು. ಮೇಡಂ ಕೇಳಿದರು — "ಯಾಕವ್ವ ಇದು?" ಓಬವ್ವ ಹೇಳಿದರು — "ಗೆರೆ ಎಳೆದ ಮರ ಕಡಿಯಾಕ ಆಕ್ಕೈತೇನವ್ವ? ನೀವೇ ಹಗ್ಗ ಸುತ್ತಿ ಪೂಜೆ ಮಾಡಿದ್ದನ್ನ ನೋಡೀವಿ." ಅವರು ನೋಡಿದ್ದು ದರ್ಜಿಯ ಟೇಪನ್ನು! ಆ ವರ್ಷ ಬೆರಕೆ ತೋಪಿನಲ್ಲಿ ಒಂದು ಟೊಂಗೆ ಕೂಡ ಹೋಗಿರಲಿಲ್ಲ. ಊರಿನವರು ಸೌದೆಗೆ, ಗೂಟಕ್ಕೆ, ಚಪ್ಪರಕ್ಕೆ ಎಲ್ಲವನ್ನೂ ಗೆರೆ ಇಲ್ಲದ ನೀಲಗಿರಿ ತಾಕಿನಿಂದಲೇ ಕಡಿದುಕೊಂಡಿದ್ದರು.

ಈಗ ಯೋಚಿಸಿ. ಮೇಡಂ ಅವರ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ಪುಕ್ಕಟೆ ಕಾವಲು ಸಿಕ್ಕಿದೆ. ಎದುರಾಳಿಯ ಮರ ಕಡಿಮೆಯಾಗುತ್ತಿದೆ. ಹತ್ತು ವರ್ಷ ಸುಮ್ಮನಿದ್ದರೆ ಸಾಕು, ತಮ್ಮ ತೋಪೇ ಗೆದ್ದಿತು ಅಂತ ಬರೆಯಬಹುದು. ನಮ್ಮಲ್ಲಿ ಅಂಥ ಗೆಲುವುಗಳಿಗೆ ಶಾಲು ಹೊದಿಸುತ್ತೇವೆ.

ಮೇಡಂ ಸಿಟ್ಟಾಗಿ ವಾಪಸು ಬಂದರು. "ನನ್ನ ಲೆಕ್ಕ ಹಾಳಾತು ಸಾರ್! ನನ್ನದನ್ನ ದೇವ್ರು ಕಾಯ್ತಾನೆ, ಅದನ್ನ ಯಾರೂ ಕಾಯಲ್ಲ. ಇದು ಹೋಲಿಕೆಯಾ?" ಮುಂದಿನ ಭಾನುವಾರವೇ ಕೆಮ್ಮಣ್ಣಿನ ಬಕೆಟ್ ಹಿಡಿದು ಹೋಗಿ ನೀಲಗಿರಿ ಮರಗಳಿಗೂ ಗೆರೆ ಎಳೆದರು. ಒಂದೊಂದಕ್ಕೂ. ಓಬವ್ವ ಬಾಯಿ ಮೇಲೆ ಸೆರಗಿಟ್ಟುಕೊಂಡು ಕೇಳಿದರಂತೆ — "ಅಯ್ಯೋ, ನೀಲಗಿರಿಗೂ ದೇವ್ರು ಬಂತೇನವ್ವ?" ಮೇಡಂ ಹೇಳಿದರಂತೆ — "ಬಂತು ಕಣವ್ವ. ಸ್ವಲ್ಪ ಲೇಟಾಗಿ ಬಂತು."

ಕೊಟ್ಟೂರೇಶ್ — ನಿಮ್ಮಕ್ಕ ಕಾಡಿನಲ್ಲಿ ಏನು ಮಾಡುತ್ತಿದ್ದರು ಅಂದಿರಲ್ಲ. ತಮ್ಮ ಮಾತಿಗೆ ಎದುರು ಸಾಕ್ಷಿ ಹೇಳಬಹುದಾದ ಮರವನ್ನೂ ಕಾಯುತ್ತಿದ್ದರು.

ಮುಂದೆ ಸಂಸ್ಥೆಯವರು ಒಮ್ಮೆ ನೀಲಗಿರಿ ತಾಕುಗಳನ್ನು ಕಡಿಸಿದರು, ಲಾರಿ ತುಂಬಿ ಹೋಯಿತು. ಕಡಿದ ಬುಡದಿಂದ ಮತ್ತೆ ಚಿಗುರು ಬಂತು. ಕಡಿದು ಹೋದ ಮರವನ್ನೂ ಮೇಡಂ ನೀಲಗಿರಿಯ ಲೆಕ್ಕಕ್ಕೇ ಸೇರಿಸಿದರು. "ಬೆಳೆದದ್ದು ಬೆಳೆದದ್ದೇ, ಲಾರಿಯಾಗೆ ಹೋದ್ರೇನು" ಅನ್ನುವುದು ಅವರ ನ್ಯಾಯ. ಆಮೇಲೆ ನಮ್ಮ ಕಡೆಗೂ ಆ ಕೀಟ ಬಂತು. ಎಳೆಯ ನೀಲಗಿರಿಯ ಎಲೆ, ಚಿಗುರುಗಳ ಮೇಲೆ ಗಂಟು ಬರಿಸುವ ಸಣ್ಣ ಕೀಟ. ಬರೀ ನೀಲಗಿರಿ ಇದ್ದ ತಾಕುಗಳಲ್ಲಿ ಅದು ಒಂದು ಮರದಿಂದ ಇನ್ನೊಂದಕ್ಕೆ ಪಕ್ಕದ ಮನೆಗೆ ಹೋದಂತೆ ಹೋಯಿತು. ಬೆರಕೆ ತೋಪಿನಲ್ಲಿದ್ದ ನೀಲಗಿರಿಗಳಿಗೂ ಬಂತು, ಆದರೆ ಅಲ್ಲಿ ಅದಕ್ಕೆ ಮುಂದಿನ ಮನೆ ಸುಲಭವಾಗಿ ಸಿಗಲಿಲ್ಲ. ನಡುವೆ ಹೊಂಗೆ, ನಡುವೆ ನೇರಳೆ.

ಮಳೆ ಕೈಕೊಟ್ಟ ವರ್ಷಗಳೂ ಬಂದವು. ಬೆರಕೆ ತೋಪಿನಲ್ಲಿ ಶಿವನಿ ಮರಗಳೆಲ್ಲ ಒಣಗಿದವು. ಮೇಡಂ ಮುಚ್ಚಿಡಲಿಲ್ಲ. ಆದರೆ ಶಿವನಿ ಬಿಟ್ಟ ಜಾಗದ ಬೆಳಕನ್ನು ಎರಡು ಮಳೆಗಾಲದಲ್ಲಿ ಪಕ್ಕದ ಹೊಳೆಮತ್ತಿ, ಬಾಗೆ ತುಂಬಿಕೊಂಡವು. ತಾಕು ಬರಿದಾಗಲಿಲ್ಲ. ನಿವೃತ್ತಿಯ ಹೊತ್ತಿಗೆ ಲೆಕ್ಕ ಸ್ಪಷ್ಟವಾಗಿತ್ತು. ಅಕ್ಕಪಕ್ಕದ ತಾಕುಗಳನ್ನು ಜೋಡಿ ಮಾಡಿ ಹೋಲಿಸಿದರೆ, ಹೆಚ್ಚಿನ ಜೋಡಿಗಳಲ್ಲಿ, ಕಡಿದದ್ದನ್ನೂ ಸೇರಿಸಿ ನೋಡಿದರೂ, ಬೆರಕೆ ತಾಕಿನಲ್ಲಿ ಒಟ್ಟು ಬೆಳೆದ ಮರ ಹೆಚ್ಚು. ಶುರುವಿನಲ್ಲಿ ಹಿಂದೆ ಬಿದ್ದದ್ದು ವರ್ಷ ಕಳೆದಂತೆ ಮುಂದೆ ಹೋಗುತ್ತಿತ್ತು.

ಹೆಚ್ಚಿನ ಜೋಡಿಗಳಲ್ಲಿ ಅಂದೆ. ಎಲ್ಲದರಲ್ಲೂ ಅಲ್ಲ. ಸವಳು ನೆಲದ ಒಂದು ಬೆರಕೆ ತಾಕು ಪೂರ್ತಿ ಸೋತಿತು. ಮೇಡಂ ಅಲ್ಲಿ ಹತ್ತಿರ ಹತ್ತಿರ ನೆಟ್ಟಿದ್ದರು, ಆ ಮಣ್ಣಿಗೆ ಒಗ್ಗದ್ದನ್ನೂ ನೆಟ್ಟಿದ್ದರು. ಇದೇ ಸಭಾಂಗಣದಲ್ಲಿ ಒಂದು ವಿಚಾರ ಸಂಕಿರಣವಾಯಿತು. ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಮೆಲ್ಲಗೆ ಸಲಹೆ ಕೊಟ್ಟರು — ಆ ಒಂದು ತಾಕು ಬಿಟ್ಟುಬಿಡಿ ಮೇಡಂ, ನಿಮ್ಮ ವಾದ ಇನ್ನೂ ಗಟ್ಟಿಯಾಗುತ್ತದೆ. ಮೇಡಂ ವೇದಿಕೆ ಹತ್ತಿ ಮೊದಲು ಆ ತಾಕಿನಿಂದಲೇ ಮಾತು ಶುರು ಮಾಡಿದರು. "ಹತ್ತು ಜಾತಿ ತಂದು ಸುರಿದ್ರೆ ಕಾಡಾಗಲ್ಲ. ಯಾರ ಪಕ್ಕ ಯಾರು ಬದುಕ್ತಾರೆ ಅಂತ ನೋಡಿ ನೆಡಬೇಕು. ನಾನು ನೋಡ್ಲಿಲ್ಲ, ಸೋತೆ" ಅಂದರು.

ಪ್ರತಿ ಜೂನ್ ತಿಂಗಳಲ್ಲಿ ಪರಿಸರ ದಿನ ಅಂತ ನಾವು ಗುಂಡಿ ತೋಡುತ್ತೇವೆ. ಒಂದು ಗಿಡಕ್ಕೆ ಏಳು ಜನ ಕೈ ಹಚ್ಚಿ ಫೋಟೋ ತೆಗೆಸಿಕೊಳ್ಳುತ್ತೇವೆ. ಮುಂದಿನ ಜೂನ್‌ನಲ್ಲಿ ಅದೇ ಗುಂಡಿ, ಹೊಸ ಗಿಡ, ಅದೇ ಏಳು ಜನ. ಸೋತೆ ಅಂತ ಅವರಲ್ಲಿ ಒಬ್ಬರಾದರೂ ಎಂದಾದರೂ ಹೇಳಿದ್ದು ನನಗೆ ನೆನಪಿಲ್ಲ. ನನ್ನ ನೆನಪು ಚೆನ್ನಾಗಿಯೇ ಇದೆ.

ಈಗ ನಿರ್ಣಯದ ವಿಷಯ.

ಮೊನ್ನೆ ಸಂಜೆ ವಿದ್ಯಾನಗರದ ನನ್ನ ಮನೆಗೆ ಖಾಜಾ ಹುಸೇನ್ ಬಂದರು. ಹರಿಹರದಲ್ಲಿ ನರ್ಸರಿ ಇಟ್ಟವರು, ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಮೇಡಂಗೆ ಸಸಿ ಕೊಟ್ಟವರು ಅವರ ತಂದೆ, ಆಮೇಲೆ ಇವರು. "ಸಾರ್, ಮಹಾಗನಿ ಸಸಿಗೆ ಆರ್ಡರ್ ಬಂದೈತೆ. ಎಲ್ಲಾ ಒಂದೇ ಜಾತಿ, ಎಲ್ಲಾ ಒಂದೇ ಸೈಜು ಇರಬೇಕಂತೆ. ಎಲ್ಲಿಗೆ ಅಂದೆ. ಹೊಳೆದಂಡೆ ಜಮೀನಿಗೆ, ಮೇಡಂ ಸ್ಮಾರಕಕ್ಕೆ ಅಂದ್ರು. ಸಾರ್, ಈ ಆರ್ಡರಿಗೆ ಸಸಿ ಕೊಟ್ರೆ ಮೇಡಂ ಎದ್ದು ಬಂದು ನನ್ನ ನರ್ಸರಿ ಮುಂದೆ ನಿಂತು ಬೈತಾರೆ" ಅಂದರು. ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು.

ನಾನು ಉಜ್ಜನಪ್ಪನವರಿಗೆ ಫೋನ್ ಮಾಡಿದೆ. ಅವರು ಮುಚ್ಚಿಡಲಿಲ್ಲ. "ಹೌದು ಸಾರ್. ಶಕುಂತಲಮ್ಮ ಸ್ಮಾರಕ ವನ. ಈಗಿರೋದು ನೋಡ್ರಿ, ಪೊದೆ ಬೆಳೆದಂಗೆ ಐತೆ, ಒಂದು ಹಿಂಗೆ ಬಾಗೈತೆ, ಒಂದು ಹಂಗೆ ಬಾಗೈತೆ. ಎಲ್ಲಾ ತೆಗೆಸಿ, ಸಾಲಾಗಿ ಮಹಾಗನಿ ಹಾಕಿಸಿ, ಮುಂದೆ ಗ್ರಾನೈಟ್ ಬೋರ್ಡ್. ರಸ್ತೆ ಮ್ಯಾಲೆ ಹೋಗೋರೆಲ್ಲ ಮೇಡಂ ಹೆಸರು ಓದಬೇಕು ಸಾರ್." ಕೊಟ್ಟೂರೇಶ್ ಅವರನ್ನೂ ಕೇಳಿದ್ದರು. ಅಕ್ಕನ ಹೆಸರಿನ ಬೋರ್ಡು ಅಂದಾಗ ತಮ್ಮನಾದವನು ಬೇಡ ಅನ್ನುತ್ತಾನೆಯೆ? ಅವರು ಹೂಂ ಅಂದಿದ್ದಾರೆ.

ಉಜ್ಜನಪ್ಪನವರಿಗೆ ಮೇಡಂ ಮೇಲೆ ಇರುವ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆಸ್ಪತ್ರೆಗೆ ದಿನವೂ ಹೋದವರು ಅವರು. ಮಹಾಗನಿ ಕೆಟ್ಟ ಮರವೂ ಅಲ್ಲ. ನೀಲಗಿರಿಯನ್ನು ಕೂಡ ಮೇಡಂ ಒಮ್ಮೆಯೂ ಕೆಟ್ಟದ್ದು ಅನ್ನಲಿಲ್ಲ. ಆದರೆ ಒಬ್ಬರು ಜೀವನಪೂರ್ತಿ ಒಂದು ಪ್ರಶ್ನೆ ಕೇಳಿ, ಅದಕ್ಕೆ ನೆಲದ ಮೇಲೆ ಉತ್ತರ ಬೆಳೆಸಿ ಹೋಗಿದ್ದಾರೆ. ಆ ಉತ್ತರವನ್ನು ಬೇರುಸಹಿತ ಕಿತ್ತು, ಖಾಲಿಯಾದ ಜಾಗದಲ್ಲಿ ಅವರ ಹೆಸರು ಬರೆಯುತ್ತೇವೆ ಅಂತೀರಿ. ಇದು ಯಾವ ಸೀಮೆಯ ಗೌರವ? ಆ ಉತ್ತರ ಇನ್ನೂ ಪೂರ್ತಿ ಆಗಿಯೂ ಇಲ್ಲ. ಹುಣಸೆಗೆ, ಕಮರಕ್ಕೆ ಈಗ ತಾನೆ ಪ್ರಾಯ. ಮುಂದೆ ಯಾರಾದರೂ ಟೇಪು ಹಿಡಿದು ಹೋದರೆ ಆ ಮರಗಳಿಗೆ ಇನ್ನೂ ಹೇಳುವುದಿದೆ. ಕಡಿದರೆ ಆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಮತ್ತೆ ಶುರು ಮಾಡಬೇಕಾದರೆ ಇನ್ನೊಬ್ಬರ ಇಡೀ ಆಯುಷ್ಯ ಬೇಕು.

ನಮ್ಮ ಸಂಸ್ಥೆಯಲ್ಲಿ ಒಂದು ಪದ್ಧತಿ ಇದೆ. ಹೊರಗಿನವರಿಗೆ ಗೊತ್ತಿಲ್ಲ, ಒಳಗಿನವರಿಗೆ ಚೆನ್ನಾಗಿ ಗೊತ್ತು. ಸಂತಾಪ ನಿರ್ಣಯದ ಹಿಂದೆ ಬಾಲದಂತೆ ಇನ್ನೊಂದು ನಿರ್ಣಯ ಕಟ್ಟುತ್ತೇವೆ. ಒಟ್ಟಿಗೆ ಓದುತ್ತೇವೆ. ಕೂಡಲೇ ಎಲ್ಲರೂ ಮೌನಕ್ಕೆ ಏಳುತ್ತಾರೆ. ಸತ್ತವರಿಗಾಗಿ ಎದ್ದು ನಿಂತವರೆಲ್ಲ ಬಾಲಕ್ಕೂ ಒಪ್ಪಿದರು ಅಂತ ಲೆಕ್ಕ. ಮೌನದಲ್ಲಿ ಯಾರು ಆಕ್ಷೇಪ ಎತ್ತುತ್ತಾರೆ?

ಜಮೀನು ಕೊಟ್ಟ ಆ ಹಿಂದಿನ ಅಧ್ಯಕ್ಷರು ತೀರಿಕೊಂಡಾಗ ಹೀಗೇ ಆಯಿತು. ಅವರ ನೆನಪಿಗೆ ಕಾಲೇಜಿನ ಗೇಟಿಗೆ ಕಮಾನು ಕಟ್ಟುವುದು, ಅಡ್ಡ ಬರುವ ಹುಣಸೆಮರ ತೆಗೆಯುವುದು. ಆ ಮರದ ಕೆಳಗೇ ಆ ಪುಣ್ಯಾತ್ಮರು ದಿನವೂ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು! ಇಡೀ ಸಭೆ ಎದ್ದು ನಿಂತಿತು. ಒಬ್ಬರು ಮಾತ್ರ ಕೂತೇ ಇದ್ದರು. ಶಕುಂತಲಮ್ಮ ಮೇಡಂ. ಸಭೆ ಮುಗಿದ ಮೇಲೆ ಹಿರಿಯರು ಗದರಿಸಿದರು, ಸತ್ತವರಿಗೆ ಮರ್ಯಾದೆ ಬೇಡವೇ ಅಂದರು. ಅದಕ್ಕೆ ಮೇಡಂ ಕೊಟ್ಟ ಉತ್ತರ ಆ ದಿನ ಈ ಬಾಗಿಲ ಹತ್ತಿರ ನಿಂತವರಿಗೆಲ್ಲ ನೆನಪಿರಬೇಕು. "ಸತ್ತೋರಿಗೆ ಎಷ್ಟು ಹೊತ್ತು ಬೇಕಾದ್ರೂ ನಿಲ್ತೀನಿ ಸಾರ್. ಗರಗಸಕ್ಕೆ ನಿಲ್ಲಲ್ಲ."

ಇವತ್ತು ಅವರದೇ ಸಭೆ. ಅದೇ ಬಾಲ.

ಆದ್ದರಿಂದ ಸಭೆಯಲ್ಲಿ ನನ್ನದೊಂದು ಬಿನ್ನಹ. ಉಜ್ಜನಪ್ಪ, ನಿಮ್ಮ ಕೈಯಲ್ಲಿರುವ ನಿರ್ಣಯವನ್ನು ಎರಡು ಮಾಡಿ. ಬಾಲವನ್ನು ಮೊದಲು ಓದಿ. ತೋಪು ತೆಗೆದು ಮಹಾಗನಿ ಹಾಕುವುದಕ್ಕೆ ಯಾರಿಗೆ ಒಪ್ಪಿಗೆಯೋ ಅವರು ಎದ್ದು ನಿಲ್ಲಲಿ, ಒಪ್ಪಿಗೆ ಇಲ್ಲದವರು ಕೂತಿರಲಿ. ಮೇಡಂ ತೋರಿಸಿಕೊಟ್ಟ ದಾರಿ ಅದು. ನೀವು ಅವರ ಟೇಪು ಹಿಡಿದವರು, ಈ ಅಳತೆಯನ್ನೂ ನೀವೇ ತೆಗೆಯಿರಿ. — ಓದಿ. ಮೈಕ್ ಬೇಡ, ಕೇಳಿಸುತ್ತದೆ.

—

ಕೇಳಿದಿರಿ. ಈಗ ಸ್ವಲ್ಪ ಕಾಯೋಣ. ಅವಸರ ಇಲ್ಲ.

—

ಮುಂದಿನ ಸಾಲು ಕೂತಿದೆ. ಹಿಂದಿನ ಸಾಲುಗಳೂ ಕೂತಿವೆ. ಖಾಜಾ ಹುಸೇನ್ ಕುರ್ಚಿಯ ಎರಡೂ ಕೈ ಹಿಡಿದುಕೊಂಡು ಕೂತಿದ್ದಾರೆ, ಯಾರಾದರೂ ಎಬ್ಬಿಸಿಬಿಟ್ಟಾರು ಅನ್ನುವಂತೆ. ಉಜ್ಜನಪ್ಪನವರು ಓದಲು ಎದ್ದವರು… ಹಾಳೆ ಮಡಿಸಿದರು. — ಕೂತರು. ಧನ್ಯವಾದ ಉಜ್ಜನಪ್ಪ. ನಿಮ್ಮ ಮೇಡಂ ಇವತ್ತು ಬೈಯುವುದಿಲ್ಲ.

ನಿಂತಿರುವವರು ಈಗ ಇಬ್ಬರೇ. ಒಬ್ಬ ನಾನು. ಮೈಕಿನ ಮುಂದೆ ನಿಲ್ಲಲೇಬೇಕು, ದಯವಿಟ್ಟು ಇದನ್ನು ಒಪ್ಪಿಗೆ ಅಂತ ಬರೆದುಕೊಳ್ಳಬೇಡಿ. ಇನ್ನೊಬ್ಬರು ಆ ಕಂಬದ ಪಕ್ಕ.

ಕೊಟ್ಟೂರೇಶ್, ನಾನು ನಿಮ್ಮನ್ನು ಒತ್ತಾಯ ಮಾಡುವುದಿಲ್ಲ. ನೀವು ಹೂಂ ಅಂದಿದ್ದೀರಿ. ಅಕ್ಕ ನಿಮ್ಮವರು.

—

ಕೂತರು.

ಇಷ್ಟು ಹೊತ್ತು ನಾನು, ಇವರು, ಅವರು, ಎಲ್ಲರೂ ಕೂಡ್ರಿ ಕೂಡ್ರಿ ಅಂದರೂ ಕೂರದವರು, ಈಗ ತಾವಾಗಿ ಬಂದು ಅಕ್ಕನ ಫೋಟೋದ ಎದುರಿನ ಕುರ್ಚಿಯಲ್ಲಿ ಕೂತರು. ನಿರ್ಣಯದ ಬಾಲ ಬಿತ್ತು. ತೋಪು ಹೇಗಿದೆಯೋ ಹಾಗೇ ಇರುತ್ತದೆ. ಗೆರೆಗಳು ಮಾಸಿವೆ. ಈ ದೀಪಾವಳಿಗೆ ಯಾರಾದರೂ ಕೆಮ್ಮಣ್ಣು ಕಲಸಿಕೊಂಡು ಹೋಗಬೇಕು. ನೀಲಗಿರಿಗೂ ಎಳೆಯಬೇಕು, ಮರೆಯಬೇಡಿ.

ಇನ್ನು ಉಳಿದದ್ದು ಶಕುಂತಲಮ್ಮ ಮೇಡಂ ಒಬ್ಬರೇ. ಯಾವ ಬಾಲವೂ ಇಲ್ಲ. ಈಗ ಅವರಿಗಾಗಿ, ಬರೀ ಅವರಿಗಾಗಿ, ನಾವೆಲ್ಲ ಎದ್ದು ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲೋಣ.

ಕೊಟ್ಟೂರೇಶ್, ನೀವೂ ಏಳ್ರಿ.